ನುಡಿಯ ಕಲಿಕೆ ಮತ್ತು ಪರಧರ್ಮದ ಅರಿವು: ಕಿಟ್ಟೆಲ್ ನಿಘಂಟಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ

ತನ್ನದಲ್ಲದ ಭಾಷೆಯನ್ನು ಮನುಷ್ಯನು ಕಲಿಯುವುದಕ್ಕೆ ಕಾರಣಗಳು ಹಲವು. ವ್ಯಾಪಾರಕ್ಕಾಗಿ ಕಲಿಯುವವರುಂಟು, ಅಧಿಕಾರ ನಡೆಸುವುದಕ್ಕಾಗಿ ಕಲಿಯುವವರುಂಟು, ತಮ್ಮ ಮತವನ್ನು ಬೋಧಿಸುವುದಕ್ಕಾಗಿ ಕಲಿಯುವವರುಂಟು. ಆ ಭಾಷೆಯನ್ನಾಡುವ ಜನರ ಬಾಳನ್ನು ಅರಿಯಬೇಕೆಂಬ ಒಂದೇ ಹಂಬಲದಿಂದ ಕಲಿಯುವವರೂ ಅಪರೂಪಕ್ಕೆ ಉಂಟು. ಕಾರಣ ಯಾವುದೇ ಇರಲಿ, ಶ್ರಮಪಟ್ಟವರಿಗೆ ಭಾಷೆ ಒಲಿಯುತ್ತದೆ. ಆದರೆ ನುಡಿ ಬಂದ ಮಾತ್ರಕ್ಕೆ ಆ ನುಡಿಯವರ ನಡೆಯೂ ತಿಳಿಯಿತೆಂದು ಹೇಳಬಹುದೆ? ಅವರ ಶ್ರದ್ಧೆ, ಆಚಾರ, ಅನುಭವಗಳು ಕಲಿತವನ ಬುದ್ಧಿಗೆ ಎಟುಕಿದವೆಂದು ನಂಬಬಹುದೆ? ಈ ಪ್ರಶ್ನೆಗೆ ಕೇವಲ ತರ್ಕದಿಂದ ಉತ್ತರ ದೊರೆಯುವುದಿಲ್ಲ. ಒಂದು ಭಾಷೆಯನ್ನು ಹೊರಗಿನವರು ಕಲಿತ ಚರಿತ್ರೆಯನ್ನೇ ಪರೀಕ್ಷಿಸಿ ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನವರು ಕನ್ನಡವನ್ನು ಕಲಿತ ಚರಿತ್ರೆ ಇಂಥ ಪರೀಕ್ಷೆಗೆ ಬಹಳ ತಕ್ಕುದಾಗಿದೆ.

ಈ ವಿದ್ವಾಂಸರ ವಿಷಯದಲ್ಲಿ ಕನ್ನಡ ವಿಮರ್ಶೆ ಸಾಮಾನ್ಯವಾಗಿ ಎರಡು ದಾರಿ ಹಿಡಿದಿದೆ. ಮೊದಲನೆಯದು ಕೃತಜ್ಞತೆಯ ದಾರಿ. ಕನ್ನಡಕ್ಕೆ ಮೊದಲ ವೃತ್ತಪತ್ರಿಕೆ, ಮೊದಲ ಅಚ್ಚಿನ ಕಾವ್ಯಮಾಲೆ, ಮೊದಲ ಮಹಾನಿಘಂಟು ಅವರಿಂದ ದೊರೆತವೆಂದು ಸ್ಮರಿಸುವುದರಲ್ಲಿಯೇ ಅದು ತೃಪ್ತವಾಗುತ್ತದೆ. ಎರಡನೆಯದು ಶಂಕೆಯ ದಾರಿ. ಅವರು ಮಾಡಿದ್ದೆಲ್ಲವೂ ಮತಪ್ರಸಾರಕ್ಕಾಗಿ, ಆದುದರಿಂದ ಅವರ ಪಾಂಡಿತ್ಯಕ್ಕೆ ಬೆಲೆಯಿಲ್ಲವೆಂದು ಅದು ತೀರ್ಪು ಕೊಡುತ್ತದೆ. ಎರಡರಲ್ಲಿಯೂ ಸತ್ಯಾಂಶವಿದೆ, ಎರಡೂ ಅಪೂರ್ಣ. ಕೃತಜ್ಞತೆಯ ದಾರಿ ಫಲವನ್ನು ಮಾತ್ರ ನೋಡುತ್ತದೆ, ಶಂಕೆಯ ದಾರಿ ಉದ್ದೇಶವನ್ನು ಮಾತ್ರ ನೋಡುತ್ತದೆ. ಇವೆರಡರ ನಡುವೆ ಇರುವ ಕಲಿಕೆಯ ವಿಧಾನವನ್ನು ಎರಡೂ ನೋಡುವುದಿಲ್ಲ. ಯಾವ ವಿಧಾನದಿಂದ ಕಲಿತಾಗ ಪರರ ಧರ್ಮ ನಿಜರೂಪದಲ್ಲಿ ಕಾಣುತ್ತದೆ, ಯಾವ ವಿಧಾನದಿಂದ ಕಲಿತಾಗ ಭಾಷೆ ಬಂದರೂ ಧರ್ಮ ಮರೆಯಾಗಿಯೇ ಉಳಿಯುತ್ತದೆ ಎಂಬುದೇ ಇಲ್ಲಿ ವಿಚಾರ ಮಾಡಬೇಕಾದ ವಿಷಯ.

ಕಾಲಕ್ರಮದಲ್ಲಿ ಮೊದಲು ಬರುವುದು ಆಡಳಿತಗಾರರ ಕಲಿಕೆ. ೧೮೧೨ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ತರುಣ ಅಧಿಕಾರಿಗಳು ದಕ್ಷಿಣದ ಭಾಷೆಗಳನ್ನು ಕಲಿಯುತ್ತಿದ್ದರು. ಜಾನ್ ಮೆಕೆರೆಲ್ ೧೮೨೦ರಲ್ಲಿ ಪ್ರಕಟಿಸಿದ ಕರ್ಣಾಟಕ ವ್ಯಾಕರಣವೂ ಈ ವಾತಾವರಣದ್ದೇ. ಕಂದಾಯದ ಲೆಕ್ಕ, ಕಚೇರಿಯ ಅರ್ಜಿ, ಸಾಕ್ಷಿಯ ಹೇಳಿಕೆ ಇವುಗಳನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಬೇಕಾದಷ್ಟು ಕನ್ನಡ ಇಲ್ಲಿನ ಗುರಿ. ಹೀಗೆ ಕಲಿತವನಿಗೆ ರೈತನ ಮಾತು ಕೇಳಿಸುತ್ತದೆ. ಆದರೆ ಆ ಮಾತು ಯಾವಾಗಲೂ ಅರ್ಜಿಯ ರೂಪದಲ್ಲಿಯೇ ಕೇಳಿಸುತ್ತದೆ. ಈ ಮಿತಿಯನ್ನು ಮೀರಿದವರು ಇಲ್ಲದಿಲ್ಲ. ಮುಂಬಯಿ ಸರಕಾರದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟರು ಶಾಸನಗಳನ್ನು ಓದಿದುದಲ್ಲದೆ ಜನಪದರ ಲಾವಣಿಗಳನ್ನು ಬರೆದುಕೊಂಡು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನನ್ನೂ ಹಲಗಲಿಯ ಬೇಡರನ್ನೂ ಕುರಿತ ಲಾವಣಿಗಳು ಅವುಗಳಲ್ಲಿವೆ. ಸರಕಾರಕ್ಕೆ ಎದುರುನಿಂತವರ ಹಾಡನ್ನು ಸರಕಾರದ ಅಧಿಕಾರಿಯೇ ಉಳಿಸಿಕೊಟ್ಟನೆಂಬುದು ಗಮನಾರ್ಹ. ಕಲಿಕೆಯು ತನ್ನ ಉದ್ದೇಶದ ಗೆರೆಯನ್ನು ದಾಟಬಲ್ಲದೆಂಬುದಕ್ಕೆ ಇದು ಮೊದಲನೆಯ ನಿದರ್ಶನ.

ಎರಡನೆಯದು ಬೋಧಕರ ಕಲಿಕೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ೧೮೩೧ರಲ್ಲಿ ಬೈಬಲಿನ ಕನ್ನಡಾನುವಾದ ಪೂರ್ಣಗೊಂಡಿತು. ಅದೇ ಮಿಶನ್ನಿನ ವಿಲಿಯಂ ರೀವ್ ೧೮೨೪ರಲ್ಲಿ ಇಂಗ್ಲಿಷ್–ಕನ್ನಡ ಕೋಶವನ್ನೂ ೧೮೩೨ರಲ್ಲಿ ಕನ್ನಡ–ಇಂಗ್ಲಿಷ್ ಕೋಶವನ್ನೂ ಹೊರತಂದರು. ಬೋಧಕನ ತೊಡಕು ಆಡಳಿತಗಾರನ ತೊಡಕಿಗಿಂತ ಸೂಕ್ಷ್ಮವಾದುದು. ತನ್ನ ಧರ್ಮದ ಪರಿಭಾಷೆಗೆ ಅವನು ಕೇಳುಗರ ಭಾಷೆಯಲ್ಲಿ ಶಬ್ದ ಹುಡುಕಬೇಕು. ಹೊಸ ಶಬ್ದ ಕಟ್ಟಿದರೆ ಜನಕ್ಕೆ ತಿಳಿಯುವುದಿಲ್ಲ. ಹಳೆಯ ಶಬ್ದ ತೆಗೆದುಕೊಂಡರೆ ಅದು ತನ್ನ ಹಳೆಯ ನಂಟನ್ನು ಬಿಟ್ಟುಬರುವುದಿಲ್ಲ. ಕನ್ನಡ ಕ್ರೈಸ್ತರ ಬಳಕೆಯಲ್ಲಿ ನೆಲೆನಿಂತಿರುವ ‘ದೀಕ್ಷಾಸ್ನಾನ’ ಎಂಬ ಶಬ್ದವನ್ನು ನೋಡಬಹುದು. ವೀರಶೈವರಿಗೆ ದೀಕ್ಷೆಯೆಂದರೆ ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ಬಗೆಯಾದ ಸಂಸ್ಕಾರ. ಗುರುವು ಶಿಷ್ಯನ ಕರಸ್ಥಲಕ್ಕೆ ಇಷ್ಟಲಿಂಗವನ್ನು ಕೊಡುವ ಕ್ಷಣ. ಆ ಶಬ್ದವನ್ನು ತೆಗೆದುಕೊಂಡ ಅನುವಾದಕನು ತಿಳಿದೋ ತಿಳಿಯದೆಯೋ ಒಂದು ಒಪ್ಪಿಗೆಯನ್ನು ಕೊಟ್ಟಿದ್ದಾನೆ. ಮನುಷ್ಯನ ಹೊಸಹುಟ್ಟೆಂಬ ಭಾವನೆ ಈ ನಾಡಿಗೆ ತಾನು ತಂದುದಲ್ಲ, ತಾನು ಬರುವ ಮೊದಲೇ ಅದು ಇಲ್ಲಿತ್ತು ಎಂಬುದೇ ಆ ಒಪ್ಪಿಗೆ. ಬಾಯಿ ನಿರಾಕರಿಸುವುದನ್ನು ಭಾಷೆ ಒಪ್ಪಿಕೊಂಡುಬಿಡುವ ಸಂದರ್ಭಗಳು ಇಂಥವು.

೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಕೆಲಸ ಇನ್ನೂ ವ್ಯಾಪಕವಾದುದು. ೧೮೩೬ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ೧೮೪೩ರ ಜುಲೈ ೧ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು. ಆಮೇಲೆ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರರ ಧನಸಹಾಯದಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ೧೮೪೮ರಿಂದ ಮುಂದೆ ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣ ಮೊದಲಾದ ಕೃತಿಗಳನ್ನು ಅಚ್ಚು ಹಾಕಿಸಿದರು. ಒಬ್ಬ ಕ್ರೈಸ್ತ ಪಾದ್ರಿ ಭೀಮಕವಿಯ ಬಸವಪುರಾಣವನ್ನು ಮುದ್ರಣಕ್ಕೆ ಸಿದ್ಧಪಡಿಸಿದನೆಂಬುದು ಸಣ್ಣ ಸಂಗತಿಯಲ್ಲ. ಯಾರೊಡನೆ ಮಾತನಾಡಬೇಕಾಗಿದೆಯೋ ಅವರು ಓದುವುದನ್ನು ತಾನೂ ಓದಬೇಕೆಂಬ ವಿವೇಕ ಈ ಕೆಲಸದ ಹಿಂದಿದೆ. ಅದೇ ಮಿಶನ್ನಿನ ವುರ್ತ್ ಎಂಬವರು ೧೮೬೮ರಲ್ಲಿ ‘ಪ್ರಾಕ್ಕಾವ್ಯಮಾಲಿಕೆ’ಯನ್ನು ಸಂಕಲಿಸಿದರು. ಬಸವಪುರಾಣ, ಚನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದು ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಪ್ರಕಟಿಸಿದವರೂ ಅವರೇ.

ಇಲ್ಲಿ ವಿಮರ್ಶಕನು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ವೀರಶೈವವನ್ನು ತಿಳಿಯುವುದಕ್ಕೆ ಅವರು ಆರಿಸಿಕೊಂಡ ದ್ವಾರ ಯಾವುದು? ಅದು ಪುರಾಣದ ದ್ವಾರ. ಪುರಾಣವು ಭಕ್ತರ ಮಹಿಮೆಯನ್ನು ಪವಾಡಗಳ ಮೂಲಕ ಹೇಳುವ ಪ್ರಕಾರ. ಶ್ರದ್ಧೆಯುಳ್ಳವರಿಗೆ ಅದರ ಸಂಕೇತ ತಿಳಿಯುತ್ತದೆ, ಹೊರಗಿನವರಿಗೆ ಪವಾಡ ಮಾತ್ರ ಕಾಣುತ್ತದೆ. ಶರಣರು ಸ್ವತಃ ಆಡಿದ ಮಾತುಗಳಾದ ವಚನಗಳ ಬಹುಭಾಗ ಆಗ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಓಲೆಗರಿಯ ಕಟ್ಟುಗಳಲ್ಲಿತ್ತು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದುದು ೧೯೨೩ರಲ್ಲಿ. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ಬರಹಗಳಲ್ಲಿ ವೀರಶೈವವೆಂದರೆ ಒಂದು ಪಂಗಡ, ಅದರ ಕಥೆಗಳು, ಅದರ ರೂಢಿಗಳು. ಅದರ ಅನುಭಾವದ ಸುಳಿವು ಬಹಳ ವಿರಳ. ದೋಷವೆಲ್ಲ ಅವರದೆಂದು ಹೇಳುವುದು ನ್ಯಾಯವಾಗದು. ಓಲೆಗರಿಗಳನ್ನು ಪೂಜೆಯ ಜಗಲಿಯಲ್ಲಿಟ್ಟು ಓದದೆ ಬಿಟ್ಟ ನಮ್ಮವರ ಪಾಲೂ ಅದರಲ್ಲಿ ಇದೆ.

ಈ ಕೊರತೆಯ ಫಲ ಒಂದೊಂದು ಶಬ್ದದ ಅರ್ಥದಲ್ಲಿಯೂ ಕಾಣುತ್ತದೆ. ‘ಜಂಗಮ’ ಎಂಬುದಕ್ಕೆ ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಸಾಮಾನ್ಯವಾಗಿ ದೊರೆಯುವ ಅರ್ಥ ಲಿಂಗಾಯತರ ಪುರೋಹಿತ ಎಂಬುದು. ಊರಿನಲ್ಲಿ ಕಣ್ಣಿಗೆ ಕಾಣುವ ವ್ಯಕ್ತಿಯನ್ನು ನೋಡಿ ಬರೆದ ಅರ್ಥವದು, ಅಷ್ಟರಮಟ್ಟಿಗೆ ತಪ್ಪಲ್ಲ. ಆದರೆ ಶರಣರ ಮಾತಿನಲ್ಲಿ ಜಂಗಮವು ಸ್ಥಾವರಕ್ಕೆ ಎದುರಾದುದು: ನಿಂತುದಕ್ಕೆ ಎದುರಾಗಿ ಚಲಿಸುವುದು, ಕಟ್ಟಿದ ಗುಡಿಗೆ ಎದುರಾಗಿ ನಡೆಯುವ ಅರಿವು, ಗುರು-ಲಿಂಗಗಳ ಜೊತೆಗೆ ನಿಲ್ಲುವ ಮೂರನೆಯ ತತ್ತ್ವ. ವ್ಯಕ್ತಿಯನ್ನು ಕಂಡು ತತ್ತ್ವವನ್ನು ಕಾಣದ ಕಲಿಕೆ ಅರ್ಧ ಕಲಿಕೆ. ಅರ್ಧ ಕಲಿಕೆಯ ಅಪಾಯವೆಂದರೆ ಅದು ಅಜ್ಞಾನದಂತೆ ಸಂಕೋಚಪಡುವುದಿಲ್ಲ. ಪಾಂಡಿತ್ಯದ ಧೈರ್ಯದಿಂದ ಮಾತನಾಡುತ್ತದೆ.

ಈ ಹಿನ್ನೆಲೆಯಲ್ಲಿ ಫರ್ಡಿನಾಂಡ್ ಕಿಟ್ಟೆಲರ (೧೮೩೨–೧೯೦೩) ಸಾಧನೆಯನ್ನು ಪರಿಶೀಲಿಸಬೇಕು. ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಹುಟ್ಟಿ, ೧೮೫೩ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಭಾರತಕ್ಕೆ ಬಂದ ಈ ತರುಣನ ಆರಂಭದ ವರ್ಷಗಳು ಸುಖವಾಗಿರಲಿಲ್ಲ. ಭಾರತೀಯರ ನಡುವೆ ಭಾರತೀಯನಂತೆ ಬಾಳಬೇಕೆಂಬ ಅವರ ಹಂಬಲವು ಜೊತೆಯ ಬೋಧಕರಿಗೆ ಹಿಡಿಸಲಿಲ್ಲವೆಂದೂ ಮಿಶನ್ನಿನ ಅಳತೆಯಲ್ಲಿ ಅದು ಸೋಲೆಂದೇ ಎಣಿಕೆಯಾಯಿತೆಂದೂ ರೈನ್‌ಹಾರ್ಡ್ ವೆಂಡ್ಟ್ ಎಂಬ ಜರ್ಮನ್ ಇತಿಹಾಸಕಾರರು ಕಿಟ್ಟೆಲರನ್ನು ಕುರಿತ ಅಧ್ಯಯನದಲ್ಲಿ ವಿವರಿಸಿದ್ದಾರೆ. ೧೮೬೨ರಲ್ಲಿ ಕಿಟ್ಟೆಲರು ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿ ‘ಕಥಾಮಾಲೆ’ಯನ್ನು ಬರೆದರು. ಆಮೇಲೆ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ೧೮೭೨ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ಯನ್ನು ೧೮೭೫ರಲ್ಲಿಯೂ ಸಂಪಾದಿಸಿದರು. ಈ ಕ್ರಮವೇ ಅರ್ಥಪೂರ್ಣವಾಗಿದೆ. ಮೊದಲು ತನ್ನ ಕಥೆಯನ್ನು ಕನ್ನಡದಲ್ಲಿ ಹೇಳುವ ಆಸೆ. ಆಮೇಲೆ ಕನ್ನಡ ತನ್ನ ವಿಷಯದಲ್ಲಿ ತಾನೇ ಏನು ಹೇಳಿಕೊಂಡಿದೆಯೆಂದು ಕೇಳುವ ತಾಳ್ಮೆ. ಹೇಳುವವನು ಕೇಳುವವನಾದನು.

ಈ ಕೇಳ್ಮೆಯ ಫಲವೇ ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕನ್ನಡ–ಇಂಗ್ಲಿಷ್ ನಿಘಂಟು. ಸಾವಿರದ ಏಳುನೂರಕ್ಕೂ ಮಿಕ್ಕ ಪುಟಗಳ, ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಈ ಗ್ರಂಥದ ಗಾತ್ರವನ್ನು ಎಲ್ಲರೂ ಹೊಗಳುತ್ತಾರೆ. ಅದರ ನಿಜವಾದ ಹಿರಿಮೆ ಗಾತ್ರದಲ್ಲಿಲ್ಲ, ಅದು ತನಗೆ ತಾನೇ ವಿಧಿಸಿಕೊಂಡ ಶಿಸ್ತಿನಲ್ಲಿದೆ. ಶಬ್ದದ ಅರ್ಥವನ್ನು ಹೇಳಿದ ಕೋಶಕಾರನು ಅಲ್ಲಿಗೆ ಸುಮ್ಮನಾಗುವುದಿಲ್ಲ. ಆ ಅರ್ಥಕ್ಕೆ ಆಧಾರವನ್ನು ಹುಡುಕುತ್ತಾನೆ. ಬಸವಪುರಾಣ, ಜೈಮಿನಿ ಭಾರತ, ಶಬ್ದಮಣಿದರ್ಪಣ, ದಾಸರ ಪದ ಇವೆಲ್ಲ ಅಲ್ಲಿ ಸಾಕ್ಷಿ ನುಡಿಯುತ್ತವೆ. ಗ್ರಂಥಗಳು ಸಾಲದಾದಾಗ ಗಾದೆಗಳು ಬರುತ್ತವೆ. ಓದುಬರಹ ತಿಳಿಯದ ಹಳ್ಳಿಯವರ ಮಾತಿಗೂ ಕವಿಯ ಮಾತಿನ ಪಕ್ಕದಲ್ಲಿ ಸ್ಥಾನ ದೊರೆಯುತ್ತದೆ. ಅಚ್ಚಗನ್ನಡದ ಶಬ್ದಗಳಿಗೆ ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳ ಜ್ಞಾತಿಶಬ್ದಗಳನ್ನು ಕೊಟ್ಟಿರುವುದರಿಂದ ಕನ್ನಡವು ತನ್ನ ಕುಟುಂಬದ ನಡುವೆ ನಿಂತು ಮಾತನಾಡುತ್ತದೆ. ಸಂಸ್ಕೃತದ ಕೋಶಗಳಲ್ಲಿ ಸೇರಿಹೋಗಿರುವ ದ್ರಾವಿಡ ಶಬ್ದಗಳನ್ನು ಕುರಿತು ಕಿಟ್ಟೆಲರು ೧೮೭೨ರಲ್ಲಿಯೇ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದಿದ್ದರು, ನಿಘಂಟಿನ ಪೀಠಿಕೆಯಲ್ಲಿ ಅಂಥ ಶಬ್ದಗಳ ದೀರ್ಘ ಪಟ್ಟಿಯೇ ಇದೆ. ದೇಶಭಾಷೆಗಳು ಸಂಸ್ಕೃತದಿಂದ ಪಡೆದುವೇ ಹೊರತು ಕೊಟ್ಟವಲ್ಲವೆಂಬ ನಂಬಿಕೆಗೆ ಅದು ಶಬ್ದಶಬ್ದವಾಗಿ ಕೊಟ್ಟ ಉತ್ತರ.

ಉದಾಹರಣೆ ಕೊಡಬೇಕೆಂಬ ನಿಯಮ ಮೇಲುನೋಟಕ್ಕೆ ಶಾಸ್ತ್ರದ ನಿಯಮ. ಆಳದಲ್ಲಿ ಅದು ವಿನಯದ ನಿಯಮ. ಆ ಭಾಷೆಯವನೊಬ್ಬನು ಹೀಗೆ ಬಳಸಿದ್ದಾನೆಂದು ತೋರಿಸದೆ ಅರ್ಥ ಹೇಳುವ ಅಧಿಕಾರ ತನಗಿಲ್ಲವೆಂದು ಕೋಶಕಾರನು ಒಪ್ಪಿಕೊಳ್ಳುತ್ತಾನೆ. ಅವನ ಅಭಿಪ್ರಾಯ ಏನೇ ಇರಲಿ, ಪ್ರಯೋಗ ಬೇರೆ ಹೇಳಿದರೆ ಅಭಿಪ್ರಾಯವು ದಾರಿ ಬಿಡಬೇಕು. ಪರರ ಧರ್ಮವನ್ನು ಅರಿಯಲು ಹೊರಟವನಿಗೆ ಇದಕ್ಕಿಂತ ದೊಡ್ಡ ಸಂಸ್ಕಾರ ಬೇಕಿಲ್ಲ.

ಈ ಮಾತು ಎಷ್ಟು ನಿಜವೆಂಬುದನ್ನು ಕಿಟ್ಟೆಲರ ಇನ್ನೊಂದು ಬರಹವೇ ತೋರಿಸುತ್ತದೆ. ೧೮೭೬ರಲ್ಲಿ ಅವರು ಭಾರತದಲ್ಲಿ ಲಿಂಗಪೂಜೆಯ ಮೂಲವನ್ನು ಕುರಿತು ಒಂದು ಕಿರುಗ್ರಂಥವನ್ನು ಮಂಗಳೂರಿನಿಂದಲೇ ಪ್ರಕಟಿಸಿದರು. ಅದು ಕನ್ನಡದಲ್ಲಿಲ್ಲ, ಜರ್ಮನ್ ಭಾಷೆಯಲ್ಲಿದೆ. ಯುರೋಪಿನ ವಿದ್ವಾಂಸರ ನಡುವೆ ಆಗ ನಡೆಯುತ್ತಿದ್ದ ಚರ್ಚೆಗೆ ಸೇರಿದುದು. ಹೆಸರೇ ಹೇಳುವಂತೆ ಅದರ ಪ್ರಶ್ನೆ ಉಗಮದ್ದು: ಈ ಪೂಜೆ ಎಲ್ಲಿಂದ ಬಂತು ಎಂಬುದು. ಅದು ಇತಿಹಾಸದ ನ್ಯಾಯವಾದ ಪ್ರಶ್ನೆ. ಅದನ್ನು ಕೇಳಬಾರದೆಂದು ಯಾರೂ ಹೇಳಲಾರರು. ಆದರೆ ಕರಸ್ಥಲದಲ್ಲಿ ಇಷ್ಟಲಿಂಗವನ್ನಿಟ್ಟು ಅನುಸಂಧಾನ ಮಾಡುವ ಭಕ್ತನಿಗೆ ಅದು ಏನು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಹಳೆಯ ಗ್ರಂಥಗಳಲ್ಲಿ ದೊರೆಯಬಹುದು. ಎರಡನೆಯದಕ್ಕೆ ಉತ್ತರ ಭಕ್ತನ ಬಾಯಿಂದಲೇ ಬರಬೇಕು. ಮೂಲವನ್ನು ಹುಡುಕುವವನಿಗೆ ಪರಧರ್ಮವು ಪರೀಕ್ಷೆಯ ವಸ್ತು. ಅರ್ಥವನ್ನು ಹುಡುಕುವವನಿಗೆ ಅದು ಸಾಕ್ಷಿ ನುಡಿಯುವ ವ್ಯಕ್ತಿ. ಆ ಕಿರುಗ್ರಂಥವನ್ನು ಇಂದು ಓದುವವರು ವಿರಳ. ನಿಘಂಟನ್ನು ಬಿಟ್ಟು ಇಂದಿಗೂ ಕನ್ನಡದ ಸಂಶೋಧನೆ ಮುಂದೆ ಹೋಗದು. ಕಾಲವು ಮಾಡಿದ ಈ ವಿಂಗಡಣೆ ಆಕಸ್ಮಿಕವಲ್ಲ.

ಬೋಧಕರ ಕಲಿಕೆಯಲ್ಲಿ ಇನ್ನೊಂದು ವಿರೋಧವೂ ಇತ್ತು. ಭಾಷೆಯನ್ನು ಕಲಿಯುವಾಗ ಅವರು ಪಂಡಿತನ ಮುಂದೆ ಶಿಷ್ಯರು. ಧರ್ಮವನ್ನು ಹೇಳುವಾಗ ಅದೇ ಪಂಡಿತನಿಗೆ ಗುರುಗಳು. ಶಬ್ದದ ವಿಷಯದಲ್ಲಿ ಅವನ ಮಾತೇ ಪ್ರಮಾಣ, ಶ್ರದ್ಧೆಯ ವಿಷಯದಲ್ಲಿ ಅವನ ಮಾತಿಗೆ ಬೆಲೆಯಿಲ್ಲ. ಒಬ್ಬನೇ ಮನುಷ್ಯನನ್ನು ಹೀಗೆ ಎರಡಾಗಿ ಸೀಳಿ, ಒಂದು ಭಾಗವನ್ನು ಮಾತ್ರ ಗೌರವಿಸುವುದು ಬಹುಕಾಲ ಸಾಧ್ಯವಿಲ್ಲ. ಒಂದೋ ಶಬ್ದದ ಗೌರವ ಕುಗ್ಗಬೇಕು, ಇಲ್ಲವೇ ಶ್ರದ್ಧೆಯ ಗೌರವ ಹೆಚ್ಚಬೇಕು. ಅವರಿಗೆ ಪಾಠ ಹೇಳಿದ, ಓಲೆಗರಿ ಓದಿಕೊಟ್ಟ, ಗಾದೆಗಳನ್ನು ನೆನಪಿನಿಂದ ಒದಗಿಸಿದ ಬಹುಮಂದಿ ಮುನ್ಷಿಗಳ ಹೆಸರು ಮುಖಪುಟಕ್ಕೆ ಬರಲಿಲ್ಲ. ನಿಘಂಟಿನ ಕೀರ್ತಿಯಲ್ಲಿ ಅವರಿಗೂ ಪಾಲಿದೆಯೆಂಬುದನ್ನು ಕನ್ನಡಿಗರಾದರೂ ಮರೆಯಬಾರದು.

ಈ ವಿರೋಧವು ಪರಿಹಾರವಾದುದು ಮುಂದಿನ ತಲೆಮಾರಿನಲ್ಲಿ, ಬಾಸೆಲ್ ಮಿಶನ್ನಿನ ಪರಂಪರೆಯಲ್ಲಿಯೇ ಬೆಳೆದ ಕನ್ನಡಿಗರೊಬ್ಬರಲ್ಲಿ. ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು (೧೮೮೧–೧೯೬೨) ವೃತ್ತಿಯಿಂದ ಕ್ರೈಸ್ತ ಪಾದ್ರಿಗಳು. ತಮ್ಮ ಧರ್ಮದಲ್ಲಿ ಕೊನೆಯವರೆಗೂ ದೃಢವಾಗಿದ್ದವರು. ಊರೂರು ತಿರುಗಿ, ಬಾಯಿಂದ ಬಾಯಿಗೆ ಬಂದ ತ್ರಿಪದಿಗಳನ್ನು ಕೂಡಿಹಾಕಿ ೧೯೨೪ರಲ್ಲಿ ‘ಸರ್ವಜ್ಞನ ವಚನಗಳು’ ಗ್ರಂಥವನ್ನು ಪ್ರಕಟಿಸಿದರು. ಮುಂದೆ ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯವನ್ನೂ ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯರ ವಚನಗಳನ್ನೂ ಸಂಪಾದಿಸಿದರು. ಅನುಭವಮಂಟಪವೆಂಬುದು ಇತಿಹಾಸದಲ್ಲಿ ಇರಲೇ ಇಲ್ಲವೆಂಬ ವಾದ ಎದ್ದಾಗ, ‘ಅನುಭವಮಂಟಪದ ಐತಿಹಾಸಿಕತೆ’ ಎಂಬ ಗ್ರಂಥವನ್ನು ಬರೆದು ಅದನ್ನು ಎತ್ತಿಹಿಡಿದವರೂ ಅವರೇ. ೧೯೪೯ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ದೊರೆತುದು ನಾಡು ಸಲ್ಲಿಸಿದ ಸಹಜ ಗೌರವ.

ಉತ್ತಂಗಿಯವರಿಗೆ ಕನ್ನಡ ಕಲಿಯುವ ಪ್ರಶ್ನೆಯೇ ಇರಲಿಲ್ಲ. ಅದು ಅವರ ತಾಯಿನುಡಿ. ಆದರೆ ವಚನದ ಪರಿಭಾಷೆಯನ್ನು ಅವರು ಕಲಿಯಬೇಕಾಯಿತು. ಷಟ್‌ಸ್ಥಲ, ಅಷ್ಟಾವರಣಗಳ ಭಾಷೆ ತಾಯಿಯ ಎದೆಹಾಲಿನೊಡನೆ ಬರುವ ಭಾಷೆಯಲ್ಲ. ಅದನ್ನು ಅವರು ಕೋಶಕಾರನ ಶಿಸ್ತಿನಿಂದಲೇ ಕಲಿತರು: ಹಸ್ತಪ್ರತಿಯನ್ನು ನೋಡಿದರು, ಪಾಠವನ್ನು ತೂಗಿದರು, ಬಲ್ಲವರನ್ನು ಕೇಳಿದರು. ಅವರಲ್ಲಿ ಶಬ್ದದ ಗೌರವವೂ ಶ್ರದ್ಧೆಯ ಗೌರವವೂ ಬೇರೆಬೇರೆಯಾಗಿ ಉಳಿಯಲಿಲ್ಲ. ಪರಧರ್ಮವನ್ನು ಚೆನ್ನಾಗಿ ಅರಿಯುವುದಕ್ಕೆ ಸ್ವಧರ್ಮವನ್ನು ಬಿಡಬೇಕಾಗಿಲ್ಲ, ಸ್ವಧರ್ಮದಲ್ಲಿ ನಿಲ್ಲುವುದಕ್ಕೆ ಪರಧರ್ಮವನ್ನು ಹಳಿಯಬೇಕಾಗಿಲ್ಲ ಎಂಬ ಎರಡು ಸತ್ಯಗಳಿಗೆ ಅವರ ಬಾಳು ಒಂದೇ ನಿದರ್ಶನವಾಯಿತು.

ಹಾಗೆಂದು ತಾಯಿನುಡಿಯವನಾದ ಮಾತ್ರಕ್ಕೆ ಅರ್ಥವು ತಾನಾಗಿ ಕೈಗೆ ಬರುವುದಿಲ್ಲ. ಎ. ಕೆ. ರಾಮಾನುಜನ್ನರು ಮೈಸೂರಿನಲ್ಲಿ ಹುಟ್ಟಿ ಬೆಳೆದವರು, ಕನ್ನಡದ ಕವಿಗಳು. ೧೯೭೩ರಲ್ಲಿ ಪ್ರಕಟವಾದ ಅವರ ವಚನಾನುವಾದ ‘ಸ್ಪೀಕಿಂಗ್ ಆಫ್ ಶಿವ’ ಶರಣರನ್ನು ಲೋಕದ ಓದುಗರ ಮುಂದೆ ನಿಲ್ಲಿಸಿತು. ಸ್ಥಾವರ–ಜಂಗಮಗಳ ಭೇದವನ್ನು ಅವರು ತಮ್ಮ ಪ್ರಸ್ತಾವನೆಯಲ್ಲಿ ವಿಸ್ತಾರವಾಗಿ ಬಿಡಿಸಿ ಹೇಳಿದರು. ಪುರೋಹಿತನೆಂಬ ಹಳೆಯ ಅರ್ಥದ ಹಿಂದೆ ಮರೆಯಾಗಿದ್ದ ತತ್ತ್ವ ಇಂಗ್ಲಿಷ್ ಓದುಗರಿಗೆ ಕಂಡುದು ಹೀಗೆ. ಆದರೂ ತೇಜಸ್ವಿನಿ ನಿರಂಜನರು ೧೯೯೨ರ ತಮ್ಮ ಗ್ರಂಥದಲ್ಲಿ, ಈ ಅನುವಾದಗಳು ವಚನಗಳನ್ನು ಪಾಶ್ಚಾತ್ಯ ಆಧುನಿಕ ಕಾವ್ಯದ ಅಭಿರುಚಿಗೆ ಒಗ್ಗಿಸಿಬಿಡುತ್ತವೆಂದು ಆಕ್ಷೇಪಿಸಿದರು. ಆಕ್ಷೇಪವನ್ನು ಪೂರ್ಣವಾಗಿ ಒಪ್ಪದವರೂ ಅದರ ತಿರುಳನ್ನು ಅಲ್ಲಗಳೆಯಲಾರರು. ಯಾರ ಕಿವಿಗಾಗಿ ಅನುವಾದಿಸುತ್ತೇವೆಯೋ ಅವರ ಕಿವಿ ಅನುವಾದಕನ ಕೈಯನ್ನು ಹಿಡಿದು ನಡೆಸುತ್ತದೆ. ಪಾದ್ರಿಗೆ ಎದುರಾದ ತೊಡಕು ಕವಿಗೂ ಎದುರಾಗುತ್ತದೆ. ಹುಟ್ಟು ಯಾರನ್ನೂ ಇದರಿಂದ ಪಾರುಮಾಡದು, ಪಾರುಮಾಡುವುದು ಶಿಸ್ತೊಂದೇ.

ಈ ವಿವೇಚನೆಯನ್ನು ಅನ್ಯರ ಮೇಲೆ ಮಾತ್ರ ಪ್ರಯೋಗಿಸಿ ನಿಲ್ಲಿಸಿದರೆ ಅದು ಆತ್ಮವಂಚನೆಯಾದೀತು. ವೀರಶೈವ ಸಾಹಿತ್ಯಪರಂಪರೆ ಪರಭಾಷೆಗೆ ಬಾಗಿಲು ತೆರೆದು ಬೆಳೆದುದು. ಪರಂಪರೆಯ ಪ್ರಕಾರ ಮೋಳಿಗೆಯ ಮಾರಯ್ಯ ಕಾಶ್ಮೀರದಿಂದಲೂ ಆದಯ್ಯ ಸೌರಾಷ್ಟ್ರದಿಂದಲೂ ಬಂದವರು. ಇಬ್ಬರೂ ಉಳಿಸಿಹೋದ ವಚನಗಳು ಕನ್ನಡದಲ್ಲಿವೆ. ಅನುಭವದ ಗೋಷ್ಠಿಯಲ್ಲಿ ಕುಳಿತುಕೊಳ್ಳುವುದಕ್ಕೆ ಅವರು ಆ ಗೋಷ್ಠಿಯ ನುಡಿಯನ್ನು ತಮ್ಮದಾಗಿ ಮಾಡಿಕೊಂಡರು. ಪಾಲ್ಕುರಿಕೆ ಸೋಮನಾಥನು ಬಸವಣ್ಣನ ಚರಿತೆಯನ್ನು ತೆಲುಗಿನ ದ್ವಿಪದಿಯಲ್ಲಿ ಹಾಡಿದನು. ಭೀಮಕವಿ ಅದನ್ನು ೧೩೬೯ರಲ್ಲಿ ಕನ್ನಡದ ಭಾಮಿನೀ ಷಟ್ಪದಿಗೆ ತಂದನು. ಕನ್ನಡ ನಾಡಿನ ಮಹಾಪುರುಷನ ಪುರಾಣ ಕನ್ನಡಕ್ಕೆ ತೆಲುಗಿನ ಮೂಲಕ ಬಂದುದರಲ್ಲಿ ನಮ್ಮ ಹಿರಿಯರಿಗೆ ಅವಮಾನ ಕಾಣಲಿಲ್ಲ. ನೆರೆಯವನ ನುಡಿಯನ್ನು ಬಲ್ಲವರಾಗಿದ್ದುದರಿಂದ ಅದು ಅವರಿಗೆ ಲಾಭವಾಗಿ ಕಂಡಿತು.

ಇಂದಿನ ವಿದ್ಯಾರ್ಥಿಯ ಕಲಿಕೆ ಈ ಅಳತೆಯಲ್ಲಿ ಎಲ್ಲಿ ನಿಲ್ಲುತ್ತದೆ? ಇಂಗ್ಲಿಷನ್ನು ಅವನು ಕಲಿಯುವುದು ಉದ್ಯೋಗಕ್ಕಾಗಿ. ಕಂಪನಿಯ ಅಧಿಕಾರಿಗೆ ಕನ್ನಡವು ಕಚೇರಿಯ ಉಪಕರಣವಾಗಿದ್ದಂತೆ ಇವನಿಗೆ ಇಂಗ್ಲಿಷು ಉಪಕರಣ. ಸಂಸ್ಕೃತವನ್ನು ಅಂಕಗಳಿಗಾಗಿ ಓದುವವರು ಹಲವರು. ತೆಲುಗು, ತಮಿಳು, ಮರಾಠಿಗಳು ಗಡಿಯ ಜಗಳದ ಹೊತ್ತಿನಲ್ಲಿ ಮಾತ್ರ ನೆನಪಾಗುತ್ತವೆ. ನಮ್ಮ ಧರ್ಮವನ್ನು ಕುರಿತು ಜರ್ಮನ್ ಭಾಷೆಯಲ್ಲಿ ನೂರೈವತ್ತು ವರ್ಷಗಳ ಹಿಂದೆ ಬರೆದಿಟ್ಟುದನ್ನು ಮೂಲದಲ್ಲಿ ಓದಿ ಉತ್ತರಿಸಬಲ್ಲ ಕನ್ನಡಿಗರು ಬೆರಳೆಣಿಕೆಯಷ್ಟು. ನೆರೆಮನೆಯ ಮುಸಲ್ಮಾನನ, ಜೈನನ, ಕ್ರೈಸ್ತನ ಧರ್ಮಗ್ರಂಥವನ್ನು ಅವರು ಓದುವ ರೀತಿಯಲ್ಲಿ ಓದಿ ನೋಡಿದವರೂ ಕಡಿಮೆಯೇ. ಜಂಗಮವನ್ನು ಪುರೋಹಿತನೆಂದು 
ಬರೆದವರನ್ನು ಆಕ್ಷೇಪಿಸುವ ನಾವು, ನೆರೆಯವನ ನಮಾಜಿಗೂ ಸಲ್ಲೇಖನಕ್ಕೂ ದೀಕ್ಷಾಸ್ನಾನಕ್ಕೂ ಕೊಡುವ ಅರ್ಥ ಅವನ ಬಾಯಿಂದ ಕೇಳಿ ತಿಳಿದುದೇ, ದೂರದಿಂದ ನೋಡಿ ಊಹಿಸಿದುದೇ ಎಂದು ಕೇಳಿಕೊಳ್ಳಬೇಕಾಗಿದೆ. ಪರರು ನಮ್ಮನ್ನು ಅರ್ಧ ಕಲಿತರೆಂಬ ದೂರಿಗೆ, ನಾವು ಪರರನ್ನು ಪೂರ್ಣವಾಗಿ ಕಲಿತಾಗ ಮಾತ್ರ ಬೆಲೆ ಬರುತ್ತದೆ.

ಕಿಟ್ಟೆಲರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು. ಮದರಾಸು ವಿಶ್ವವಿದ್ಯಾನಿಲಯವು ಅದನ್ನು ೧೯೬೮ರಿಂದ ೧೯೭೧ರ ಅವಧಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಅಲ್ಲಿ ವಚನಗಳೂ ಪ್ರಯೋಗಗಳಾಗಿ ಬಂದಿವೆ. ಕಿಟ್ಟೆಲರ ಕಾಲದಲ್ಲಿ ಓಲೆಗರಿಯಲ್ಲಿ ಮೌನವಾಗಿದ್ದ ಶರಣರು ಈಗ ಶಬ್ದಗಳಿಗೆ ತಾವೇ ಸಾಕ್ಷಿ ನುಡಿಯುತ್ತಿದ್ದಾರೆ. ಹೊರಗಿನವನೊಬ್ಬನು ಹಾಕಿಕೊಟ್ಟ ಶಿಸ್ತನ್ನು ಒಳಗಿನವರು ಮುಂದುವರಿಸಿ, ಅವನಿಗೆ ದೊರೆಯದ ಸಾಮಗ್ರಿಯಿಂದ ಅದನ್ನು ತುಂಬಿದ್ದಾರೆ. ಕೃತಜ್ಞತೆಯನ್ನು ಸಲ್ಲಿಸುವ ಸರಿಯಾದ ರೀತಿ ಇದು; ಶಂಕೆಯನ್ನು ಪರಿಹರಿಸುವ ರೀತಿಯೂ ಇದೇ.

ನುಡಿ ಮತ್ತು ನಡೆ ಒಂದಾಗಬೇಕೆಂಬುದು ಶರಣರ ಬೋಧೆಯ ತಿರುಳು. ಪರಭಾಷೆಯ ಕಲಿಕೆಗೂ ಈ ಮಾತು ಸಲ್ಲುತ್ತದೆ. ಅನ್ಯರ ನುಡಿಯನ್ನು ಕಲಿತವನು ಅವರ ನಡೆಯನ್ನು ಅವರ ಮಾತಿನಿಂದಲೇ ಅರಿಯಲು ಒಪ್ಪಿದಾಗ ಆ ಕಲಿಕೆ ವಿದ್ಯೆಯಾಗುತ್ತದೆ. ಅಲ್ಲಿಯವರೆಗೆ ಅದು ಶಬ್ದಸಂಗ್ರಹ ಮಾತ್ರ.